ಕ್ರೂಸ್ ಬುಕ್ ಮಾಡೋ ಮುಂಚೆ: ಆ ಹಡಗಲ್ಲಿ ನಿಮ್ಮ ವಯಸ್ಸಿನವರು ಇರ್ತಾರಾ?

ಇವತ್ತಿನ ಸಂಚಿಕೆ ಕ್ರೂಸ್ ಬಗ್ಗೆ. ಕೇಳೋಕೆ ಟೈಮ್ ಇಲ್ಲದವರು ಇಲ್ಲೇ ಓದ್ಕೊಳ್ಳಿ, ಮಾತಾಡಿದ್ದನ್ನ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ.

ಕ್ರೂಸ್ ವಿಷಯದಲ್ಲಿ ನನಗೆ ಎರಡು ಥರದ ಮೆಸೇಜ್ ಬರ್ತವೆ. ಮೊದಲನೇದು, "ಬ್ರೋ, ಆರು ಜನ ಫ್ರೆಂಡ್ಸ್ ಹೋಗ್ತಿದ್ದೀವಿ, ಯಾವ ಹಡಗು ಚೆನ್ನಾಗಿರತ್ತೆ?" ಎರಡನೇದು, "ಬೋನಸ್ ಬಂದಿದೆ, ಅಪ್ಪ-ಅಮ್ಮನ್ನ ಒಂದ್ಸಲ ಹಡಗಲ್ಲಿ ಕರ್ಕೊಂಡು ಹೋಗ್ಬೇಕು, ಯಾವುದು ಒಳ್ಳೇದು?" ಎಷ್ಟೋ ಸಲ ಇಬ್ಬರೂ ಕಳಿಸಿರೋ ಸ್ಕ್ರೀನ್‌ಶಾಟ್ ಒಂದೇ ಹಡಗಿಂದು, ಒಂದೇ ಆಫರ್‌ದು. ಹಡಗು ಒಂದೇ ಆದ್ರೂ ಇಬ್ಬರಿಗೂ ಒಂದೇ ಉತ್ತರ ಕೊಡೋಕಾಗಲ್ಲ.

ಹೋಟೆಲ್‌ನಲ್ಲಿ ಪಕ್ಕದ ರೂಮಿನವರು ಗಲಾಟೆ ಮಾಡಿದ್ರೆ ನಾಳೆ ಬೇರೆ ಹೋಟೆಲ್ ಹುಡುಕಬಹುದು. ಊಟ ಇಷ್ಟ ಆಗ್ಲಿಲ್ವಾ, ಎದುರುಗಡೆ ದರ್ಶಿನಿ ಇರತ್ತೆ. ಹಡಗಲ್ಲಿ ಈ ಸೌಕರ್ಯ ಇಲ್ಲ. ಒಂದ್ಸಲ ಹತ್ತಿದ್ಮೇಲೆ ನಾಲ್ಕು ದಿನವೋ, ಹತ್ತು ದಿನವೋ, ಅದೇ ಈಜುಕೊಳ, ಅದೇ ಊಟದ ಹಾಲ್, ಅದೇ ಜನ. ನೀವು ದುಡ್ಡು ಕೊಡ್ತಿರೋದು ಸಮುದ್ರ ನೋಡೋಕೆ ಮಾತ್ರ ಅಲ್ಲ, ಜೊತೆಗಿರೋ ಸಹಪ್ರಯಾಣಿಕರಿಗೂ ಸೇರಿಸಿ. ಅದಕ್ಕೇ ಕ್ಯಾಬಿನ್ ಫೋಟೋ ನೋಡೋ ಮುಂಚೆ ಅಲ್ಲಿಗೆ ಯಾವ ವಯಸ್ಸಿನವರು ಬರ್ತಾರೆ ಅಂತ ನೋಡಿ ಅಂತೀನಿ.

ಕಂಪನಿಗಳು ವಯಸ್ಸನ್ನ ಹೇಗೆ ಹಂಚಿಕೊಂಡವು

ಬಿ.ಕಾಂ ಓದಿದವರಿಗೆ ಮಾರ್ಕೆಟ್ ಸೆಗ್ಮೆಂಟೇಶನ್ ಅನ್ನೋ ಪಾಠ ನೆನಪಿರತ್ತೆ. ಅದನ್ನ ಕಣ್ಣಾರೆ ನೋಡ್ಬೇಕಂದ್ರೆ ಕ್ರೂಸ್ ಉದ್ಯಮ ನೋಡ್ಬೇಕು.

1972ರಲ್ಲಿ ಟೆಡ್ ಆರಿಸನ್ ಅನ್ನೋರು ಅಮೆರಿಕದ ಮಯಾಮಿಯಲ್ಲಿ ಕಾರ್ನಿವಲ್ ಶುರು ಮಾಡಿದ್ರು. ಕೈಯಲ್ಲಿ ಇದ್ದಿದ್ದು ಮಾರ್ಡಿ ಗ್ರಾ ಅನ್ನೋ ಒಂದು ಹಳೇ ಹಡಗು. ಅದು ಮೊದಲ ಪ್ರಯಾಣದಲ್ಲೇ ಮಯಾಮಿ ಹತ್ರ ಮರಳು ದಿಬ್ಬಕ್ಕೆ ಸಿಕ್ಕಿಹಾಕಿಕೊಳ್ತು. ಆಗ ಕ್ರೂಸ್ ಅಂದ್ರೆ ದುಡ್ಡಿರೋ ವಯಸ್ಸಾದವರ ಸೂಟು-ಬೂಟಿನ ಪ್ರಯಾಣ. ಕಾರ್ನಿವಲ್‌ನವರು "ಫನ್ ಶಿಪ್" ಅಂತ ಹೆಸರಿಟ್ಟು, ದರ ಇಳಿಸಿ, ಸಂಗೀತ, ಕುಣಿತ, ಬಾರ್ ಎಲ್ಲ ತುಂಬಿ ಹಡಗನ್ನೇ ಮೋಜಿನ ಜಾಗ ಅಂತ ಮಾರಿದ್ರು. ದುಡಿಯೋ ವಯಸ್ಸಿನ ಮಧ್ಯಮ ವರ್ಗದವರು ಹತ್ತೋಕೆ ಶುರು ಮಾಡಿದ್ರು.

ಬ್ರಿಟನ್‌ನಲ್ಲಿ ಇದಕ್ಕೆ ಉಲ್ಟಾ ಕಥೆ. ಸಾಗಾ ಅನ್ನೋ ಕಂಪನಿ ಶುರುವಾಗಿದ್ದೇ ನಿವೃತ್ತರಿಗೆ ಅಂತ. ಸಿಡ್ನಿ ಡಿ ಹಾನ್ ಅನ್ನೋರಿಗೆ ಫೋಕ್‌ಸ್ಟನ್ ಅನ್ನೋ ಕಡಲೂರಲ್ಲಿ ಹೋಟೆಲ್ ಇತ್ತು. ಸೀಸನ್ ಮುಗಿದ್ಮೇಲೆ ರೂಮುಗಳು ಖಾಲಿ ಬೀಳ್ತಿದ್ವು. ಆಗ ರಜೆ ಇರೋದು ಯಾರಿಗೆ? ಪೆನ್ಷನ್ ತಗೊಳ್ಳೋರಿಗೆ. ಅವರಿಗೆ ಕಡಿಮೆ ದರದಲ್ಲಿ ಪ್ಯಾಕೇಜ್ ಮಾಡಿ ಮಾರಿದ್ರು. ಇವತ್ತು ಅದೇ ಸಾಗಾ ಹಡಗುಗಳಿಗೆ ಟಿಕೆಟ್ ಬೇಕಂದ್ರೆ ನಿಮಗೆ 50 ಆಗಿರ್ಬೇಕು. ಜೊತೆಗೆ ಬರೋ ಸಂಗಾತಿಗೆ 40 ಆಗಿದ್ರೂ ಸಾಕು.

1998ರಲ್ಲಿ ಡಿಸ್ನಿ ತನ್ನ ಮೊದಲ ಹಡಗು ಇಳಿಸ್ತು. ಅದು ಮಕ್ಕಳಿರೋ ಕುಟುಂಬಗಳಿಗೆ, ಕ್ಯಾಸಿನೋನೇ ಇಲ್ಲ. 2015ರಲ್ಲಿ ನದಿ ಪ್ರವಾಸಕ್ಕೆ ಹೆಸರಾಗಿದ್ದ ವೈಕಿಂಗ್ ಸಮುದ್ರಕ್ಕೂ ಇಳೀತು. ಅಲ್ಲೂ ಕ್ಯಾಸಿನೋ ಇಲ್ಲ, ಆದ್ರೆ ಕಾರಣ ಬೇರೆ. ಅವರ ಗಿರಾಕಿಗಳು ಇತಿಹಾಸದ ಉಪನ್ಯಾಸ ಕೇಳೋ, ಪುಸ್ತಕ ಓದೋ ಹಿರಿಯರು. 18ರ ಒಳಗಿನವರಿಗೆ ಪ್ರವೇಶವೇ ಇಲ್ಲ. 2021ರಲ್ಲಿ ವರ್ಜಿನ್ ವಾಯೇಜಸ್ ಬಂತು. ಅದೂ 18 ದಾಟಿದವರಿಗೆ ಮಾತ್ರ. ಹಡಗಿನೊಳಗೇ ಟ್ಯಾಟೂ ಅಂಗಡಿ ಇದೆ!

ಇಲ್ಲೊಂದು ವಿಷಯ ಗಮನಿಸಿ. "ಅಡಲ್ಟ್ಸ್ ಓನ್ಲಿ" ಅಂತ ಬೋರ್ಡ್ ನೋಡಿದ ತಕ್ಷಣ ನಮ್ಮ ಹುಡುಗರು ಪಾರ್ಟಿ ಹಡಗು ಅಂದ್ಕೊಳ್ತಾರೆ. ವರ್ಜಿನ್ ಕೂಡ ಅಡಲ್ಟ್ಸ್ ಓನ್ಲಿ, ವೈಕಿಂಗ್ ಕೂಡ ಅಡಲ್ಟ್ಸ್ ಓನ್ಲಿ, ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯ ಆರ್ಕೇಡಿಯಾ ಮತ್ತು ಅರೋರಾ ಹಡಗುಗಳೂ ಅಡಲ್ಟ್ಸ್ ಓನ್ಲಿ. ಒಂದರಲ್ಲಿ ರಾತ್ರಿ ಹನ್ನೆರಡಕ್ಕೆ ಡಿಜೆ, ಇನ್ನೊಂದರಲ್ಲಿ ರಾತ್ರಿ ಹತ್ತಕ್ಕೆಲ್ಲ ಕಾರಿಡಾರ್ ಖಾಲಿ. ವರ್ಜಿನ್‌ನಲ್ಲೂ ಎಲ್ರೂ 25ರವರಲ್ಲ. ಮಕ್ಕಳ ಕಾಟವಿಲ್ಲದ ರಜೆ ಬೇಕು ಅನ್ನೋ 40-50ರ ಜೋಡಿಗಳು ತುಂಬಾ ಇರ್ತಾರೆ. ಬೋರ್ಡು ಮಕ್ಕಳು ಇಲ್ಲ ಅಂತ ಮಾತ್ರ ಹೇಳತ್ತೆ. ಯುವಕರು ಇದ್ದಾರೆ ಅಂತ ಹೇಳಲ್ಲ.

ಸರಾಸರಿ ನಂಬ್ಕೊಂಡು ಹೋಗ್ಬೇಡಿ

ಜಗತ್ತಿನಾದ್ಯಂತ ಕ್ರೂಸ್ ಪ್ರಯಾಣಿಕರ ಸರಾಸರಿ ವಯಸ್ಸು ಸುಮಾರು 46 ಅಂತ ಈ ಕಂಪನಿಗಳ ಒಕ್ಕೂಟವಾದ ಸಿಎಲ್‌ಐಎ ಹೇಳತ್ತೆ. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜನ 40ರ ಒಳಗಿನವರು. ಕೇಳಿದ್ರೆ ಖುಷಿ ಆಗತ್ತೆ. ಆದ್ರೆ ಈ 46 ಒಂದು ಸರಾಸರಿ. 72ರ ತಾತ, 40ರ ಮಗ, 8ರ ಮೊಮ್ಮಗ ಮೂರೂ ಜನ ಒಂದು ಕ್ಯಾಬಿನ್‌ನಲ್ಲಿದ್ರೆ ಸರಾಸರಿ 40. ನಿಮ್ಮ ಟೀಮ್ ಲೀಡ್ ವಯಸ್ಸು! ಆದ್ರೆ ಆ ಕ್ಯಾಬಿನ್‌ನಿಂದ ರಾತ್ರಿ ಹನ್ನೊಂದಕ್ಕೆ ಡ್ಯಾನ್ಸ್ ಫ್ಲೋರ್‌ಗೆ ಬರೋರು ಯಾರೂ ಇಲ್ಲ.

ಸರಾಸರಿಯನ್ನ ಪಕ್ಕಕ್ಕಿಟ್ಟು, ಹಂಚಿಕೆ ನೋಡ್ಬೇಕು. ಅದನ್ನ ಕಂಪನಿಗಳು ಹಡಗುವಾರು ಹೇಳಲ್ಲ. ನಾವೇ ಊಹಿಸ್ಬೇಕು. ಊಹಿಸೋದು ಕಷ್ಟ ಅಲ್ಲ. ಮೂರು ವಿಷಯ ನೋಡಿದ್ರೆ ಸಾಕು.

ಒಂದು: ಎಷ್ಟು ರಾತ್ರಿ?

ಬ್ರ್ಯಾಂಡ್‌ಗಿಂತ ಇದು ಮುಖ್ಯ. ಮೂರು-ನಾಲ್ಕು ರಾತ್ರಿಯ ಪ್ರಯಾಣಕ್ಕೆ ಯುವಕರು ಬರ್ತಾರೆ, ಯಾಕಂದ್ರೆ ಒಂದು ವೀಕೆಂಡ್‌ಗೆ ಒಂದೆರಡು ರಜೆ ಸೇರಿಸಿದ್ರೆ ಮುಗೀತು. ಏಳು ರಾತ್ರಿ ಅಂದ್ರೆ ಕುಟುಂಬಗಳು. ಎರಡು ವಾರ ದಾಟಿತು ಅಂದ್ರೆ ನಿವೃತ್ತರೇ ಜಾಸ್ತಿ. ನೂರು ದಿನ ಮೀರೋ ವಿಶ್ವ ಪರ್ಯಟನೆಗೆ ಹೋಗೋಕೆ ಯಾವ ಮ್ಯಾನೇಜರ್ ರಜೆ ಕೊಡ್ತಾನೆ ಹೇಳಿ?

ನಮ್ಮ ಮಂಗಳೂರಿನವರು ಇದನ್ನ ಕಣ್ಣಾರೆ ನೋಡಿರ್ತಾರೆ. ಮಳೆಗಾಲ ಮುಗಿದ್ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡ್ತವೆ. ಆ ನಡುವೆ ಬಸ್ಸುಗಳಲ್ಲಿ ಮೂಡುಬಿದಿರೆ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್ ನೋಡ್ಕೊಂಡು ಬರ್ತಾರೆ. ಬಸ್ಸಿಂದ ಇಳಿಯೋರಲ್ಲಿ ಬಿಳಿ ಕೂದಲಿನವರೇ ಜಾಸ್ತಿ. ವಿದೇಶದಲ್ಲಿ ಯುವಕರು ಕ್ರೂಸ್ ಹೋಗಲ್ಲ ಅಂತಲ್ಲ. ಮಂಗಳೂರು ಮುಟ್ಟೋ ಹಡಗು ಸಾಮಾನ್ಯವಾಗಿ ಕೊಲ್ಲಿಯಿಂದಲೋ ಯುರೋಪಿಂದಲೋ ಪೂರ್ವಕ್ಕೆ ಹೋಗೋ ಉದ್ದದ ದಾರಿಯಲ್ಲಿರತ್ತೆ. ಅಷ್ಟು ದಿನ ಬಿಡುವಿರೋದು ಅವರಿಗೇ. ಅದೇ ಹೊತ್ತಲ್ಲಿ ಮಯಾಮಿಯಿಂದ ಬಹಾಮಾಸ್‌ಗೆ ಮೂರು ರಾತ್ರಿ ಹೋಗೋ ಹಡಗಲ್ಲಿ ಕಾಲೇಜು ಮುಗಿಸಿದ ಹುಡುಗ-ಹುಡುಗಿಯರ ಗುಂಪುಗಳು ಇರ್ತವೆ.

ಎರಡು: ಯಾವ ತಿಂಗಳು?

ಶಾಲೆಗೆ ರಜೆ ಇದ್ರೆ ಹಡಗು ತುಂಬ ಮಕ್ಕಳು. ಆದ್ರೆ ಯಾರ ಶಾಲೆ ಅನ್ನೋದು ಮುಖ್ಯ. ಅಮೆರಿಕದಿಂದ ಹೊರಡೋ ಹಡಗಿಗೆ ಜೂನ್‌ನಿಂದ ಆಗಸ್ಟ್, ಬ್ರಿಟನ್‌ನಿಂದ ಹೊರಡೋದಕ್ಕೆ ಜುಲೈ ಕೊನೆಯಿಂದ ಆಗಸ್ಟ್, ಎಲ್ಲ ಕಡೆ ಕ್ರಿಸ್‌ಮಸ್ ವಾರ. ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸ್ಪ್ರಿಂಗ್ ಬ್ರೇಕ್, ಆಗ ಫ್ಲಾರಿಡಾದ ಸಣ್ಣ ಪ್ರಯಾಣಗಳಲ್ಲಿ ಗದ್ದಲವೋ ಗದ್ದಲ. ಮುಂಬೈನಿಂದ ಹೊರಡೋದಾದ್ರೆ ನಮ್ಮ ಏಪ್ರಿಲ್-ಮೇ, ದೀಪಾವಳಿ ರಜೆ.

ಅಪ್ಪ-ಅಮ್ಮನ್ನ ಕರ್ಕೊಂಡು ಯುರೋಪ್ ಅಥವಾ ಅಮೆರಿಕ ಕಡೆ ಹೋಗೋರಿಗೆ ಸೆಪ್ಟೆಂಬರ್ ಒಳ್ಳೇದು. ಅಲ್ಲಿ ಶಾಲೆ ಶುರುವಾಗಿರತ್ತೆ, ಮಕ್ಕಳ ಗಲಾಟೆ ಕಡಿಮೆ, ಎಷ್ಟೋ ಸಲ ದರನೂ ಕಡಿಮೆ. ಅಮೆರಿಕದ ಕೆರಿಬಿಯನ್ ಕಡೆ ಮಾತ್ರ ಅದು ಚಂಡಮಾರುತದ ಕಾಲ, ಅದು ನೆನಪಿರ್ಲಿ.

ಮೂರು: ಹಡಗಿನ ಮೇಲಿನ ಡೆಕ್‌ನಲ್ಲಿ ಏನಿದೆ?

ಕಂಪನಿ ವೆಬ್‌ಸೈಟಲ್ಲಿ ಡೆಕ್ ಪ್ಲಾನ್ ಅಂತ ಇರತ್ತೆ, ಅಂದ್ರೆ ಹಡಗಿನ ನಕ್ಷೆ. ಫೋನಲ್ಲೇ ಝೂಮ್ ಮಾಡಿ ನೋಡಿ. ಹಡಗಲ್ಲಿ ಒಂದೊಂದು ಅಡಿ ಜಾಗಕ್ಕೂ ಬೆಲೆ ಇದೆ. ಯಾರಿಗೆ ಜಾಗ ಬಿಟ್ಟಿದ್ದಾರೋ ಅವರೇ ಅವರ ಗಿರಾಕಿ.

2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದ ಸೀಸ್ ನೋಡಿ. ಮೇಲೆ ಆರು ನೀರಿನ ಜಾರುಬಂಡೆ. ಚಿಕ್ಕ ಮಕ್ಕಳ ಕುಟುಂಬಗಳಿಗೆ ಅಂತಲೇ ಒಂದು ಬಡಾವಣೆಯಂಥ ಜಾಗ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದ್ರೆ 5,610 ಜನ. ಪೂರ್ತಿ ತುಂಬಿದ್ರೆ ಸುಮಾರು 7,600. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಏನು ಗೊತ್ತಾ? ಮೂರನೇ, ನಾಲ್ಕನೇ ಹಾಸಿಗೆಯಲ್ಲಿ ಮಲಗೋರು. ಅವರಲ್ಲಿ ದೊಡ್ಡ ಪಾಲು ಮಕ್ಕಳು. ವೈಕಿಂಗ್‌ನ ಮೊದಲ ಸಮುದ್ರ ಹಡಗಲ್ಲಿ ಒಟ್ಟು ಜಾಗವೇ 930 ಜನಕ್ಕೆ. ಅಲ್ಲಿ ಜಾರುಬಂಡೆ ಇಲ್ಲ, ಪುಸ್ತಕದ ಕಪಾಟು, ಸ್ಪಾ ಇದೆ.

ಆಫರ್‌ನೂ ಇದೇ ಥರ ಓದ್ಬೇಕು. "ಮೂರನೇ, ನಾಲ್ಕನೇ ಪ್ರಯಾಣಿಕರಿಗೆ ಉಚಿತ" ಅಂದ್ರೆ ಆ ಪ್ರಯಾಣಕ್ಕೆ ಕುಟುಂಬಗಳನ್ನ ಕರೀತಿದ್ದಾರೆ. "55 ದಾಟಿದವರಿಗೆ ರಿಯಾಯಿತಿ" ಅಂದ್ರೆ ಹಿರಿಯರನ್ನ. "ಡ್ರಿಂಕ್ಸ್ ಪ್ಯಾಕೇಜ್ ಫ್ರೀ" ಅಂದ್ರೆ ನಿಮಗೆ ಗೊತ್ತೇ ಇದೆ.

ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಹುಡುಗರು ಈ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ನಿಮ್ಮ ಪರಿಚಯದಲ್ಲಿ ಯಾರಾದ್ರೂ ಇದ್ರೆ ಒಂದು ವಾಟ್ಸ್ಆಪ್ ಮಾಡಿ. ಯಾವ ತಿಂಗಳಲ್ಲಿ ಯಾರು ಹತ್ತುತಾರೆ ಅನ್ನೋದನ್ನ ಅವರಷ್ಟು ಚೆನ್ನಾಗಿ ಯಾವ ಟ್ರಾವೆಲ್ ಏಜೆಂಟೂ ಹೇಳಲ್ಲ.

ನಮಗೆ ಹತ್ತಿರದ ಆಯ್ಕೆಗಳು

ಎಲ್ರೂ ಮಯಾಮಿಗೆ ಹೋಗೋಕಾಗಲ್ಲ. ನಮ್ಮಲ್ಲಿ ಮುಂಬೈನಿಂದ ಹೊರಡೋ ಕಾರ್ಡೀಲಿಯಾ ಇದೆ, 2021ರಿಂದ ಓಡ್ತಿದೆ. ಅವರ ಎಂಪ್ರೆಸ್ ಹಡಗು 1990ರದು. ಮೊದಲು ರಾಯಲ್ ಕೆರಿಬಿಯನ್ ಬಳಿ ಇತ್ತು. ಗೋವಾ, ಲಕ್ಷದ್ವೀಪ ಕಡೆ ಎರಡರಿಂದ ಐದು ರಾತ್ರಿಯ ಪ್ರಯಾಣಗಳು. ದಿನ ಕಡಿಮೆ, ಪಾಸ್‌ಪೋರ್ಟ್ ಚಿಂತೆ ಇಲ್ಲ. ಹಾಗಾಗಿ ಅಲ್ಲಿ ಎಲ್ಲ ವಯಸ್ಸಿನವರೂ ಮಿಕ್ಸ್: ಆಫೀಸ್ ಗುಂಪು, ಹನಿಮೂನ್ ಜೋಡಿ, ಮೂರು ತಲೆಮಾರಿನ ಕುಟುಂಬ. ವೀಕೆಂಡ್ ಗೋವಾ ಪ್ರಯಾಣ ಗುಂಪುಗಳಿಗೆ, ವಾರದ ನಡುವಿನ ಲಕ್ಷದ್ವೀಪ ಪ್ರಯಾಣ ಅಪ್ಪ-ಅಮ್ಮನಿಗೆ ಅಂತ ಯೋಚಿಸಿ.

ಇನ್ನೊಂದು ಸಿಂಗಾಪುರ. ಅಲ್ಲಿಂದ ಹೊರಡೋ ಗೆಂಟಿಂಗ್ ಡ್ರೀಮ್ ಹಡಗಿಗೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಹೋಗ್ತಾರೆ. ಸಸ್ಯಾಹಾರ, ಜೈನ್ ಊಟ ಸಿಗತ್ತೆ. ಊಟದ ಬಗ್ಗೆ ಮಡಿವಂತಿಕೆ ಇರೋ ಹಿರಿಯರು ಜೊತೆಗಿದ್ರೆ ಇದು ಸಣ್ಣ ವಿಷಯ ಅಲ್ಲ. ನಾಲ್ಕು ದಿನ ಬ್ರೆಡ್-ಬಾಳೆಹಣ್ಣಲ್ಲಿ ಕಳೆದ ಅಮ್ಮ ಮುಂದಿನ ಹತ್ತು ವರ್ಷ ಅದನ್ನೇ ನೆನಪಿಟ್ಕೊಂಡಿರ್ತಾರೆ.

ವಯಸ್ಸಿನ ನಿಯಮ: ಇಲ್ಲಿ ಎಡವಿದ್ರೆ ದುಡ್ಡು ಹೋಗತ್ತೆ

ಇಲ್ಲಿವರೆಗೆ ಹೇಳಿದ್ದು ಇಷ್ಟಾನಿಷ್ಟದ ಮಾತು. ಈಗ ಹೇಳೋದು ನಿಯಮ.

ಭಾರತದಲ್ಲಿ 18 ಆದ್ರೆ ವಯಸ್ಕರು. ಆದ್ರೆ ಅಮೆರಿಕದಿಂದ ಹೊರಡೋ ದೊಡ್ಡ ಕಂಪನಿಗಳ ಹಡಗುಗಳಲ್ಲಿ 21 ಆಗಿರ್ಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಉತ್ತರ ಅಮೆರಿಕದಿಂದ ಹೊರಡುವಾಗ 21ರ ಒಳಗಿನವರು ಹಿರಿಯರಿಲ್ಲದೆ ಕ್ಯಾಬಿನ್ ತಗೊಳ್ಳೋಕಾಗಲ್ಲ. ಅದೇ ಕಂಪನಿಯ ಹಡಗು ಸಿಂಗಾಪುರದಿಂದಲೋ ಯುರೋಪಿಂದಲೋ ಹೊರಟ್ರೆ 18 ಸಾಕು. ಕಾರ್ನಿವಲ್‌ನಲ್ಲಿ ಸಾಮಾನ್ಯವಾಗಿ 21ರ ಒಳಗಿನವರ ಜೊತೆ 25 ತುಂಬಿದವರೊಬ್ಬರು ಇರ್ಬೇಕು. ಮದ್ಯದ ವಯಸ್ಸೂ ಹೀಗೇ, ಅಮೆರಿಕದ ಪ್ರಯಾಣಗಳಲ್ಲಿ 21.

ಇದು ಯಾರಿಗೆ ಹೊಡೆತ? ಅಮೆರಿಕದಲ್ಲಿ ಡಿಗ್ರಿ ಓದ್ತಿರೋ 19-20ರ ನಮ್ಮ ತಮ್ಮ-ತಂಗಿಯರಿಗೆ. ನಾಲ್ಕು ಜನ ರೂಮ್‌ಮೇಟ್ಸ್ ಸೇರಿ ಬುಕ್ ಮಾಡ್ತಾರೆ, ಬಂದರಿನ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸ್ತಾರೆ, ಅಲ್ಲಿಗೆ ಮುಗೀತು. ಹತ್ತಿಸಲ್ಲ. ರೀಫಂಡ್ ಸಿಗತ್ತೆ ಅಂತ ಆಸೆ ಇಟ್ಕೋಬೇಡಿ. ವಯಸ್ಸಿನ ನಿಯಮ ಓದಿದ್ದೀನಿ ಅಂತ ಬುಕ್ ಮಾಡುವಾಗಲೇ ನೀವು ಟಿಕ್ ಹಾಕಿರ್ತೀರಿ.

ಇನ್ನೆರಡು ನಿಯಮ. ಹೆಚ್ಚಿನ ಹಡಗುಗಳಲ್ಲಿ ಆರು ತಿಂಗಳ ಒಳಗಿನ ಮಗುವನ್ನ ಸೇರಿಸಲ್ಲ, ಸಾಗರ ದಾಟೋ ಉದ್ದ ಪ್ರಯಾಣಗಳಿಗೆ ಒಂದು ವರ್ಷ ತುಂಬಿರ್ಬೇಕು. ಗರ್ಭಿಣಿಯರಿಗೆ 24ನೇ ವಾರದ ಗೆರೆ ಇದೆ. ಪ್ರಯಾಣ ಮುಗಿಯೋ ದಿನದ ಲೆಕ್ಕ ಹಾಕ್ಬೇಕು, ಬುಕ್ ಮಾಡೋ ದಿನದ್ದಲ್ಲ. ಅಕ್ಕ-ಭಾವನ ಜೊತೆ ಆರು ತಿಂಗಳ ಮುಂಚೆ ಬುಕ್ ಮಾಡೋರು ಇದನ್ನ ಗಮನದಲ್ಲಿಡಿ.

ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋರಿಗೆ

ನನ್ನ ಕೇಳುಗರಲ್ಲಿ ಹೆಚ್ಚಿನವರಿಗೆ ಇದೇ ನಿಜವಾದ ಪ್ರಶ್ನೆ. ಅವರು ಜೀವನಪೂರ್ತಿ ಎಲ್‌ಟಿಸಿಯಲ್ಲಿ ಒಂದೆರಡು ಸಲ ಊರು ನೋಡಿದವರು. ಈಗ ನಾವು ದುಡೀತಿದ್ದೀವಿ. ಮಂಡಿ ನೋವು ಇನ್ನೂ ಜಾಸ್ತಿ ಆಗೋ ಮುಂಚೆ ಕರ್ಕೊಂಡು ಹೋಗ್ಬೇಕು ಅನ್ನೋ ಆತುರ ನಮ್ಮದು. ನಿಜ ಹೇಳ್ಬೇಕಂದ್ರೆ ಹಿರಿಯರಿಗೆ ಕ್ರೂಸ್ ಒಳ್ಳೇ ಆಯ್ಕೆ. ದಿನಕ್ಕೊಂದು ಹೋಟೆಲ್ ಬದಲಾಯಿಸೋ ಹಾಗಿಲ್ಲ, ಸೂಟ್‌ಕೇಸ್ ಎಳೆಯೋ ಹಾಗಿಲ್ಲ, ಲಿಫ್ಟ್ ಇದೆ. ಆದ್ರೆ ಕೆಲವು ವಿಷಯ ಮುಂಚೆನೇ ನೋಡ್ಕೊಳ್ಳಿ.

ಮೊದಲನೇದು ಆರೋಗ್ಯ. ದೊಡ್ಡ ಹಡಗುಗಳಲ್ಲಿ ಡಾಕ್ಟರ್ ಇರ್ತಾರೆ, ಆದ್ರೆ ಉಚಿತ ಅಲ್ಲ. ಬಿಲ್ ನಿಮ್ಮ ಕ್ಯಾಬಿನ್ ಖಾತೆಗೆ, ಹೆಚ್ಚಾಗಿ ಡಾಲರ್‌ನಲ್ಲಿ ಬರತ್ತೆ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಬಹುತೇಕ ವಿದೇಶದಲ್ಲಿ ನಡೆಯಲ್ಲ. ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಅದರಲ್ಲಿ ಕ್ರೂಸ್‌ಗೆ ರಕ್ಷಣೆ ಇದೆಯಾ, ಹಡಗಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು ಸೇರಿದೆಯಾ ಅಂತ ಓದಿ. ಅಪ್ಪನಿಗೆ ಬಿಪಿ, ಶುಗರ್ ಇದ್ರೆ ಫಾರ್ಮ್‌ನಲ್ಲಿ ಬರೀರಿ. ಪ್ರೀಮಿಯಂ ಸ್ವಲ್ಪ ಉಳಿಸೋಕೆ ಮುಚ್ಚಿಟ್ರೆ ಕ್ಲೇಮ್ ಮಾಡುವಾಗ ಅದೇ ಮುಳುವಾಗತ್ತೆ. 60 ದಾಟಿದವರಿಗೆ ಪ್ರೀಮಿಯಂ ಜಾಸ್ತಿ, 70 ದಾಟಿದ್ರೆ ಇನ್ನೂ ಜಾಸ್ತಿ. ಅದನ್ನೂ ಬಜೆಟ್‌ಗೆ ಸೇರಿಸಿ.

ಎರಡನೇದು ಕ್ಯಾಬಿನ್. ಹಡಗಿನ ಮಧ್ಯಭಾಗ, ಕೆಳಗಿನ ಡೆಕ್: ಅಲ್ಲಿ ಕುಲುಕಾಟ ಕಡಿಮೆ. ಲಿಫ್ಟ್‌ಗೆ ಹತ್ತಿರ ಇರ್ಲಿ, ಆದ್ರೆ ನೈಟ್‌ಕ್ಲಬ್‌ನ ಕೆಳಗೋ ಮೇಲೋ ಬೇಡ. ಡೆಕ್ ಪ್ಲಾನ್ ನೋಡಿದ್ರೆ ಇದೂ ಗೊತ್ತಾಗತ್ತೆ.

ಮೂರನೇದು ಬಂದರು. ಕೆಲವು ಜಾಗಗಳಲ್ಲಿ ಹಡಗು ದಡಕ್ಕೆ ಬರಲ್ಲ, ಸಣ್ಣ ದೋಣಿಗೆ ಇಳಿದು ಹೋಗ್ಬೇಕು. ಅದಕ್ಕೆ ಟೆಂಡರ್ ಅಂತಾರೆ. ಅಲೆಯಲ್ಲಿ ಅಲುಗಾಡೋ ದೋಣಿಗೆ ಕಾಲಿಡೋದು ಮಂಡಿ ನೋವಿರೋರಿಗೆ ಕಷ್ಟ. ಲಕ್ಷದ್ವೀಪ ಅಂಥದ್ದೇ ಜಾಗ. ನೇರ ಜೆಟ್ಟಿಗೆ ನಿಲ್ಲೋ ಬಂದರುಗಳು ಎಷ್ಟಿವೆ ಅಂತ ಕೇಳಿ.

ನಾಲ್ಕನೇದು ಮಾತ್ರೆ. ದೊಡ್ಡ ಬ್ಯಾಗನ್ನ ಬಂದರಲ್ಲೇ ತಗೊಳ್ತಾರೆ, ಅದು ಕ್ಯಾಬಿನ್‌ಗೆ ಬರೋಕೆ ಗಂಟೆಗಟ್ಟಲೆ ಆಗಬಹುದು. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರ್ಲಿ.

ದುಡ್ಡಿನ ಲೆಕ್ಕ, ಬೇಗ ಬೇಗ

ಜಾಹೀರಾತಿನ ದರ ಕ್ಯಾಬಿನ್‌ನಲ್ಲಿ ಇಬ್ಬರಿದ್ರೆ ತಲೆಗೆ ಇಷ್ಟು ಅಂತ. ಒಬ್ಬರೇ ಹೋದ್ರೆ ಎಷ್ಟೋ ಕಡೆ ಎರಡೂ ಜನರ ದುಡ್ಡು ಕೊಡ್ಬೇಕಾಗತ್ತೆ. ಒಬ್ಬರೇ ಹೋಗೋ ಯುವಕರು ನಾರ್ವೀಜಿಯನ್ ಕ್ರೂಸ್ ಲೈನ್ ನೋಡಬಹುದು. 2010ರಲ್ಲಿ ಬಂದ ಅವರ ಎಪಿಕ್ ಹಡಗಿಂದ ಒಬ್ಬರಿಗೇ ಅಂತ ಸಣ್ಣ ಕ್ಯಾಬಿನ್‌ಗಳಿವೆ.

ಟಿಕೆಟ್ ಮೇಲೆ ಬಂದರು ಶುಲ್ಕ, ದಿನಕ್ಕೆ ತಲೆಗೆ ಇಷ್ಟು ಅಂತ ಟಿಪ್ಸ್, ವೈಫೈ, ಡ್ರಿಂಕ್ಸ್. ವಿದೇಶಿ ಪ್ಯಾಕೇಜ್ ಆದ್ರೆ ಏಜೆಂಟ್ ಟಿಸಿಎಸ್ ಹಿಡೀತಾರೆ. ಅದು ಕಳೆದುಹೋದ ದುಡ್ಡಲ್ಲ. ರಿಟರ್ನ್ ಫೈಲ್ ಮಾಡುವಾಗ ನಿಮ್ಮ ತೆರಿಗೆಗೆ ಹೊಂದಿಸ್ಕೊಬಹುದು, ಜಾಸ್ತಿ ಇದ್ರೆ ವಾಪಸ್ ಬರತ್ತೆ. ಯಾರ ಪ್ಯಾನ್‌ನಲ್ಲಿ ಬುಕ್ ಆಗಿದೆಯೋ ಅವರ ಹೆಸರಲ್ಲಿ ಜಮೆ ಆಗೋದು. ಅಪ್ಪ ರಿಟರ್ನ್ ಫೈಲ್ ಮಾಡಲ್ಲ ಅಂದ್ರೆ ಅವರ ಪ್ಯಾನ್ ಕೊಡ್ಬೇಡಿ. ವೀಸಾ ವಿಷಯದಲ್ಲಿ ಒಂದೇ ಮಾತು: ಹೊರಟ ದೇಶಕ್ಕೇ ಹಡಗು ವಾಪಸ್ ಬರೋದಾದ್ರೆ ಮಲ್ಟಿಪಲ್ ಎಂಟ್ರಿ ಬೇಕಾಗಬಹುದು, ಬುಕ್ ಮಾಡೋ ಮುಂಚೆನೇ ಕೇಳಿ.

ಹಾಗಾದ್ರೆ ಯಾವುದು?

ಫ್ರೆಂಡ್ಸ್ ಗುಂಪಾಗಿದ್ರೆ ಮೂರರಿಂದ ಐದು ರಾತ್ರಿ, ಶಾಲಾ ರಜೆ ಬಿಟ್ಟು, ಎಲ್ಲರ ವಯಸ್ಸೂ ನಿಯಮಕ್ಕೆ ಹೊಂದತ್ತಾ ನೋಡ್ಕೊಂಡು ಬುಕ್ ಮಾಡಿ. ಹೊಸದಾಗಿ ಮದುವೆಯಾಗಿ ಗದ್ದಲ ಬೇಡ ಅಂದ್ರೆ ಅಡಲ್ಟ್ಸ್ ಓನ್ಲಿ, ಆದ್ರೆ ಯಾವ ಥರದ್ದು ಅಂತ ತಿಳ್ಕೊಂಡು. ಅಪ್ಪ-ಅಮ್ಮ ಮಾತ್ರ ಆದ್ರೆ ಮಧ್ಯಮ ಗಾತ್ರದ ಹಡಗು, ಜೆಟ್ಟಿ ಇರೋ ಬಂದರು, ನಮ್ಮ ಊಟ. ಅಜ್ಜಿಯಿಂದ ಮೊಮ್ಮಗನ ತನಕ ಎಲ್ರೂ ಹೊರಟ್ರೆ ದೊಡ್ಡ ಹಡಗೇ ಸರಿ. ಅಲ್ಲಿ ಹಗಲೆಲ್ಲ ಅವರವರ ಪಾಡಿಗೆ ಇದ್ದು, ರಾತ್ರಿ ಊಟಕ್ಕೆ ಒಂದೇ ಮೇಜಿಗೆ ಬರಬಹುದು.

ಮತ್ತೆ, ಅಪ್ಪ-ಅಮ್ಮನಿಗೆ ಅಂತ ಬುಕ್ ಮಾಡೋರು ಸರ್‌ಪ್ರೈಸ್ ಕೊಡೋಕೆ ಹೋಗ್ಬೇಡಿ. ಡೆಕ್ ಪ್ಲಾನ್‌ನ ದೊಡ್ಡ ಸ್ಕ್ರೀನಲ್ಲಿ ತೋರಿಸಿ, ಅದೇ ಹಡಗಿನ ಯೂಟ್ಯೂಬ್ ವಿಡಿಯೋ ಜೊತೆಗೆ ಕೂತು ನೋಡಿ. "ಇಷ್ಟೊಂದು ಜನನಾ?" ಅಂತ ಅಮ್ಮ ಕೇಳಿದ್ರೆ ಅದೇ ಉತ್ತರ, ಚಿಕ್ಕ ಹಡಗು ಹುಡುಕಿ. "ಅಲ್ಲಿ ಮಾಡೋಕೇನೂ ಇಲ್ವಲ್ಲೋ" ಅಂತ ಅಪ್ಪ ಕೇಳಿದ್ರೆ ಅದೂ ಉತ್ತರನೇ.

ಇವತ್ತಿಗೆ ಇಷ್ಟು. ನೀವು ನೋಡಿಟ್ಟಿರೋ ಪ್ರಯಾಣದ ರಾತ್ರಿಗಳು, ತಿಂಗಳು, ಹೊರಡೋ ಬಂದರು, ಈ ಮೂರನ್ನ ಬರೆದು ಕಳಿಸಿ, ಅಲ್ಲಿ ಯಾರಿರ್ತಾರೆ ಅಂತ ಒಟ್ಟಿಗೇ ಊಹಿಸೋಣ. ಮುಂದಿನ ವಾರ ಸಿಗ್ತೀನಿ.